ಅಮ್ಮನ ಲೈಸೆನ್ಸು

ಅಪ್ಪಾ,

ನೀನು ತೀರಿಹೋದಮೇಲೆ ಅಮ್ಮ ಎಲ್ಲಿಗೂ ಹೊರಟಿರಲಿಲ್ಲ. ನಾಳೆ ಅವಳನ್ನು ವೋಲ್ತೆರಾ ಕಡೆಯ ಬೆಟ್ಟದೂರುಗಳಿಗೆ ಕರೆದೊಯ್ಯೋಣವೆಂದು ಇವತ್ತು ಸಿಯೆನಾದಲ್ಲಿ ಬಾಡಿಗೆ ಕಾರು ಗೊತ್ತುಮಾಡಲು ಹೋಗಿದ್ದೆವು. ಅವಳು ಹೆದರದಿರಲೆಂದು ತಿರುವುಗಳನ್ನೆಲ್ಲ ತಪ್ಪಿಸಿ ನಕ್ಷೆಯಲ್ಲಿ ದಾರಿ ಗುರುತಿಸಿದ್ದೆ.

"ಓಡಿಸೋರು ಯಾರು?" ಎಂದ ಗುಮಾಸ್ತ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತನ್ನ ಲೈಸೆನ್ಸು ತೆಗೆದಿಟ್ಟಳು. ಪ್ರತಿಸಲವೂ ಕಣ್ಣು ಪರೀಕ್ಷೆ ಮಾಡಿಸಿ ನವೀಕರಿಸಿಕೊಂಡಿದ್ದಾಳೆ, ನಮ್ಮಿಬ್ಬರಿಗೂ ಹೇಳದೆ.

"ಅಮ್ಮಾ, ಅಲ್ಲಿನ ತಿರುವು ನೋಡಿದೀಯಾ?"

"ಮೂವತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದೀನಿ. ಆ ನಕ್ಷೆ ಮಡಚು."

ನಾನು ನಕ್ಷೆ ಮಡಚಿದೆ. ಪ್ರತಿ ಭಾನುವಾರ ಕಾರು ಹತ್ತುವಾಗ ನೀನು ಅನ್ನುತ್ತಿದ್ದೆಯಲ್ಲ, "ಇವಳು ಸ್ಟೀರಿಂಗ್ ಹಿಡಿದ್ರೆ ಕಾಡುಹಂದಿಗಳೂ ಊರು ಬಿಡ್ತವೆ" ಅಂತ.

ಗುಮಾಸ್ತ ನನ್ನತ್ತ ತಿರುಗಿದ. "ನಿಮ್ಮ ಹೆಸರೂ ಬರ್ಕೊಳ್ಳಲಾ?"

ಅಮ್ಮ ತಲೆಯೆತ್ತದೆ ಸಹಿ ಹಾಕಿದಳು. "ಬೇಡ. ಅವಳು ಹಿಂದಿನ ಸೀಟಲ್ಲಿ ಕೂರ್ತಾಳೆ. ಅವರಪ್ಪನ ಮಾತಿಗೆ ಅಲ್ಲಿಂದ್ಲೇ ನಗ್ತಿದ್ಲು."

ಇಲಾರಿಯಾ