ಗಾಳಿಗೆ ಬೆನ್ನು ಕೊಟ್ಟ ಟೆಂಟು

ಕಣಿವೆಯ ತಂಗುಮನೆ, ಮಹಡಿ ಮೇಲಿನ ಕೋಣೆ
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ನಮ್ಮ ಇವರಿಗೆ,

ಸೊಂಟ ಹೇಗಿದೆ? ಹೋದ ಬಂದರಿನಿಂದ ಬರೆದ ಕಾಗದದಲ್ಲಿ ಹಡಗಿನ ಇಂಜಿನ್ ಕೋಣೆಯ ಸೆಕೆ, ಹೊಸ ಅಡುಗೆಯವನು ಉಪ್ಪು ಸುರಿಯೋದು, ರಿಪೇರಿ ಮಾಡಿದಷ್ಟೂ ಮುನಿಸಿಕೊಳ್ಳುವ ಪಂಪು, ಎಲ್ಲ ಬರೆದಿದ್ದೀರಿ. ಸೊಂಟದ ಸುದ್ದಿ ಮಾತ್ರ ಇಲ್ಲ. ಅಂದರೆ ನೋಯುತ್ತಿದೆ ಅಂತಲೇ ಅರ್ಥ. ನಾನು ಕಳಿಸಿದ ಮುಲಾಮಿನ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ ಅಂತ ಯಾರು ಬೇಕಾದರೂ ಬಾಜಿ ಕಟ್ಟಬಹುದು. ಔಷಧದಂಗಡಿಯವಳನ್ನು ಕಟ್ಟಿಕೊಂಡವರು ಔಷಧ ಮುಟ್ಟೋಲ್ಲ. ಬೆಲ್ಟು ಬಿಗಿದುಕೊಂಡೇ ಭಾರ ಎತ್ತಿ, ದಮ್ಮಯ್ಯ.

ಮುಂದೆ ಓದುವ ಮೊದಲು ಒಂದು ಮಾತು. ನಾವಿಬ್ಬರೂ ಬದುಕಿದ್ದೀವಿ. ನಾನೂ ಕ್ಷೇಮ, ನಿಮ್ಮ ಅಮ್ಮನೂ ಕ್ಷೇಮ. ಇದನ್ನು ಎರಡು ಸಲ ಓದಿಕೊಂಡು, ಎಲ್ಲಾದರೂ ಕೂತುಕೊಂಡು, ಆಮೇಲೆ ಉಳಿದದ್ದನ್ನು ಓದಿ. ಹಡಗಿಗೆ ಇಲ್ಲಿಂದ ಫೋನು ಸಿಗೋಲ್ಲ. ಬೇರೆಯವರ ಬಾಯಿಂದ ಅರ್ಧಂಬರ್ಧ ಕೇಳೋದಕ್ಕಿಂತ ನನ್ನಿಂದಲೇ ಪೂರ್ತಿ ತಿಳಿಯಲಿ ಅಂತ ಬರೀತಿದ್ದೀನಿ. ಬೆರಳ ತುದಿ ಇನ್ನೂ ಜೋಮು ಹಿಡಿದ ಹಾಗಿದೆ, ಅದಕ್ಕೇ ಅಕ್ಷರ ಕೋಳಿ ಕೆದಕಿದಂತಿದೆ.

ಟೆಂಟಿನಿಂದಲೇ ಶುರು ಮಾಡಬೇಕು. ಅದನ್ನು ಕೊಳ್ಳುವ ಹೊತ್ತಿಗೆ ನಿಮ್ಮ ರಜೆ ರದ್ದಾಗಿತ್ತಲ್ಲ. ಎರಡು ವರ್ಷದಿಂದ ನಾವಿಬ್ಬರೂ ಕನಸು ಕಂಡ ನಡಿಗೆ, ಬೆಟ್ಟದಿಂದ ಬೆಟ್ಟಕ್ಕೆ, ಕಣಿವೆಯಿಂದ ಕಣಿವೆಗೆ ಎರಡು ತಿಂಗಳ ದಾರಿ. ನಾನು ಅಡುಗೆಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಪಾತ್ರೆ ಬಡಿಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ನಿನ್ನ ಗಂಡನ ಸೀಟು ಖಾಲಿ ಇದೆ ತಾನೆ? ನಾನು ಬರ್ತೀನಿ" ಅಂದರು. ಮೂವತ್ತು ವರ್ಷ ಊರ ಬಸ್ಸು ಓಡಿಸಿದವರು ಹಾಗೆ ತಾನೆ ಕೇಳೋದು! ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿ ಇದ್ದುಕೊಂಡೇ ನಾವಿಬ್ಬರೂ ಅಷ್ಟಕ್ಕಷ್ಟೇ. ಇನ್ನು ಒಂದೇ ಟೆಂಟಿನಲ್ಲಿ ಎರಡು ತಿಂಗಳು!

ಟೆಂಟಿನ ಅಂಗಡಿಯವರು ನೆಲದ ಮೇಲೆ ಮೂರು ಟೆಂಟು ಹಾಕಿ ತೋರಿಸಿದರು. ಮೊದಲನೆಯದು ಎರಡು ಪದರದ್ದು, ತನ್ನದೇ ಕಂಬಿಗಳ ಮೇಲೆ ತಾನೇ ನಿಲ್ಲುವಂಥದ್ದು, ಆದರೆ ಎತ್ತಿದರೆ ಕೂಸು ಹೊತ್ತ ಹಾಗೆ. ಇನ್ನೊಂದು ಬಿಳಿ ಕಾಗದದಂಥ ಬಟ್ಟೆಯದು. ನೆನೆದರೂ ಹಿಗ್ಗೋಲ್ಲವಂತೆ, ಆದರೆ ಬೆಲೆ ಕೇಳಿ ಅತ್ತೆ ಅದರೊಳಗಿಂದ ತಾವಾಗಿಯೇ ಹೊರಗೆ ಬಂದರು. ಮೂರನೆಯದಕ್ಕೆ ಒಂದೇ ಪದರ, ಕಂಬಿಯೇ ಇಲ್ಲ. ನಡೆಯುವಾಗ ಊರಿಕೊಳ್ಳುವ ಎರಡು ಕೋಲುಗಳೇ ರಾತ್ರಿ ಅದರ ಕಂಬ, ತಲೆಯ ಕಡೆಗೆ ಒಂದು, ಕಾಲಿನ ಕಡೆಗೆ ಒಂದು. ಮಡಚಿದರೆ ಒಂದು ಬ್ರೆಡ್ಡಿನಷ್ಟು. ಅತ್ತೆ ಎರಡು ಬೆರಳಲ್ಲಿ ಎತ್ತಿ, "ಇದು ಟೆಂಟೋ ಕರ್ಚೀಫೋ?" ಅಂದರು. ಅಂಗಡಿಯವರು ನಗಲಿಲ್ಲ. "ಇದು ತಾನಾಗಿ ನಿಲ್ಲೋಲ್ಲಮ್ಮ, ನೀವು ನಿಲ್ಲಿಸಿದರೆ ನಿಲ್ಲುತ್ತೆ. ತೂಕ ಕಮ್ಮಿಯಾದಷ್ಟೂ ಕಟ್ಟೋರ ಕೈ ಚುರುಕಾಗಿರಬೇಕು" ಅಂದರು. ನಾನು ಅದನ್ನೇ ಆರಿಸಿದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿ ತಕ್ಕಡಿಗೆ ಹಾಕಿದವಳು ನಾನು. ಭಾರದ ಟೆಂಟು ನನ್ನ ಕಣ್ಣಿಗೆ ಹತ್ತುತ್ತದೆಯೇ?

ಆಮೇಲೆ ದಾರಿ ಶುರುವಾಯಿತು, ಜಗಳವೂ ಶುರುವಾಯಿತು. ಅತ್ತೆಗೆ ಟೆಂಟಿನ ಬಾಗಿಲು ನೋಟದ ಕಡೆಗೇ ಬೇಕು, ಬೆಟ್ಟ ಕಾಣಬೇಕು, ಸೂರ್ಯ ಮುಳುಗೋದು ಕಾಣಬೇಕು. ನಾನು ಬಿಡುತ್ತಿರಲಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆಗೆ ಟೆಂಟಿನ ಬೆನ್ನು, ಕಾಲಿನ ಕಡೆಯ ಗೂಟ ಮೊದಲು, ಗೂಟ ಓರೆಯಾಗಿ, ಗೂಟದ ಮೇಲೆ ಕಲ್ಲು, ಆಮೇಲೆ ಕೋಲು. ಹಗ್ಗ ವೀಣೆಯ ತಂತಿಯಂತೆ ಬಿಗಿಯಾಗಿರಬೇಕು. ದಿನಾ ಸಂಜೆ ಒಂದು ಬದಿ ನಾನು ಕಟ್ಟಿದರೆ ಇನ್ನೊಂದು ಬದಿ ಅವರ ಕೈಲೇ ಕಟ್ಟಿಸುತ್ತಿದ್ದೆ, ಸಡಿಲವಾದರೆ ಬಿಚ್ಚಿಸುತ್ತಿದ್ದೆ. "ಲೈಸೆನ್ಸ್ ಕೊಡೋ ಅಧಿಕಾರಿ ಕೂಡ ನನಗೆ ಇಷ್ಟು ಕಾಟ ಕೊಟ್ಟಿರಲಿಲ್ಲ ಕಣೇ" ಅಂತ ಗೊಣಗುತ್ತಲೇ ಕಟ್ಟುತ್ತಿದ್ದರು. ಒಂದೇ ಪದರವಾದ್ದರಿಂದ ನಮ್ಮ ಉಸಿರೇ ಒಳಗಡೆ ನೀರಾಗಿ ಬೆಳಗಿನ ಜಾವ ಅವರ ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. "ನೀನು ಜಾಸ್ತಿ ಉಸಿರಾಡ್ತೀಯ, ಅದಕ್ಕೇ" ಅಂತ ಬೈಗುಳ. ನಿಮ್ಮ ಅಮ್ಮನ ಗೊರಕೆಯಿಂದ ಎಷ್ಟು ನೀರು ಇಳಿದಿರಬಹುದು ಅಂತ ನಾನು ಕೇಳಲಿಲ್ಲ. ಮರ್ಯಾದಸ್ಥರ ಮನೆ ಮಗಳು ನಾನು.

ಈಗ ಸೋಮವಾರದ ಸುದ್ದಿ.

ಬೆಳಿಗ್ಗೆ ಹೊರಡುವಾಗ ಅತ್ತೆ ಆಕಾಶ ನೋಡಿ, "ಇವತ್ತು ಬೇಡ" ಅಂದರು. ಮೇಲೆ ಮೋಡ ಬೆಟ್ಟದ ನೆತ್ತಿಯನ್ನು ಸವರಿಕೊಂಡು ಓಡುತ್ತಿತ್ತು, ಕೆಳಗೆ ಎಲೆ ಅಲುಗುತ್ತಿರಲಿಲ್ಲ. ನನ್ನ ತಲೆಯಲ್ಲಿ ಬೇರೆ ಲೆಕ್ಕ. ಹಗುರ ಇರಲಿ ಅಂತ ಊಟ ಎಣಿಸಿ ತಂದಿದ್ದೆ, ಒಂದು ದಿನ ಕೂತರೆ ಮುಂದೆ ಒಂದು ದಿನ ಉಪವಾಸ. ಮಧ್ಯಾಹ್ನದೊಳಗೆ ನೆತ್ತಿ ದಾಟಿ ಆಚೆ ಇಳಿದುಬಿಡೋಣ ಅಂದೆ. ಅವರು ಬ್ಯಾಗು ಹೆಗಲಿಗೇರಿಸಿದರು.

ನೆತ್ತಿಗೆ ಮುಂಚೆ ಒಂದು ಹಳ್ಳ. ಮೊಣಕಾಲು ಮುಳುಗುವಷ್ಟು ನೀರು, ಆದರೆ ಸೆಳೆತ ಜೋರು. ಅತ್ತೆಗೆ ಊರುಗೋಲು ಕಂಡರಾಗದು, "ನಾನೇನು ಮುದುಕೀನಾ?" ಅನ್ನುತ್ತಾರೆ. ಹೀಗಾಗಿ ಇಬ್ಬರ ನಡುವೆ ಇದ್ದದ್ದು ನನ್ನ ಎರಡೇ ಕೋಲು. ಅವರು ಮೊದಲು ದಾಟಿ ದಡ ಹತ್ತಿದರು. ನಡುವಿನಲ್ಲಿ ನನ್ನ ಕಾಲು ಕಲ್ಲಿನ ಸಂದಿಗೆ ಸಿಕ್ಕಿ, ಮೊಣಕಾಲು ತಿರುಚಿ, ನಾನು ಬಿದ್ದೆ. ತಲೆಯವರೆಗೆ ಮುಳುಗಿ ಎದ್ದಾಗ ಒಂದು ಕೋಲು ಕೈಲಿತ್ತು, ಇನ್ನೊಂದು ಹೊರಟೇಹೋಗಿತ್ತು. ಅತ್ತೆ ನನ್ನ ಬ್ಯಾಗಿನ ಪಟ್ಟಿ ಹಿಡಿದು ದಡಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಮೇಲೆಲ್ಲೋ ಮಳೆ ಸುರಿದಿರಬೇಕು, ಹಳ್ಳದ ನೀರು ಕೆಂಪಾಗಿ ಏರಿತು. ವಾಪಸ್ಸು ಹೋಗುವ ದಾರಿ ಮುಚ್ಚಿತು. ಒಣ ಬಟ್ಟೆ ಹಾಕಿಕೋ ಅಂದರು. ನೆತ್ತಿ ದಾಟಿಯೇ ಹಾಕಿಕೊಳ್ಳುತ್ತೀನಿ, ನಿಂತರೆ ತಡವಾಗುತ್ತೆ ಅಂದೆ. ಅಲ್ಲೇ ನಾನು ಕೆಟ್ಟದ್ದು.

ಮೇಲೆ ಒಂದು ಮರವಿಲ್ಲ, ಪೊದೆಯಿಲ್ಲ. ಗಾಳಿ ಬಂತು ನೋಡಿ, ಬಾಗಿಲು ಒದ್ದುಕೊಂಡು ಬಂದ ಹಾಗೆ. ಹಿಂದೆಯೇ ಆಲಿಕಲ್ಲು. ಮೊದಮೊದಲು ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ನಡುಕ ನಿಂತಿತು. ನಡುಕ ನಿಂತಾಗ ನನಗೆ ಖುಷಿಯಾಯಿತು, ಅದು ನೆನಪಿದೆ. ಚಳಿ ಹೋಯಿತು, ಸ್ವಲ್ಪ ಕೂತು ಹೋಗೋಣ ಅಂದೆನಂತೆ. ಕೈಗವಸು ಕಳಚಿ ಜೋಪಾನವಾಗಿ ಒಂದು ಕಲ್ಲಿನ ಮೇಲೆ ಒಣಗಲು ಇಟ್ಟೆನಂತೆ, ಆಲಿಕಲ್ಲು ಬೀಳುತ್ತಿರುವಾಗ! ನಾಲಿಗೆ ತೊದಲುತ್ತಿತ್ತಂತೆ. ಅತ್ತೆ ನನ್ನ ಮುಖ ಹಿಡಿದು ಎತ್ತಿ ನೋಡಿ, "ಗಾಡಿ ಇಲ್ಲೇ ನಿಲ್ಲಿಸ್ತೀನಿ. ಕೂತ್ಕೋ. ಮಲಗಿದರೆ ಕಪಾಳಕ್ಕೆ ಬಾರಿಸ್ತೀನಿ" ಅಂದರು.

ಇನ್ನು ಮುಂದಿನದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವರು ಆಮೇಲೆ ಹೇಳಿದ್ದು.

ಟೆಂಟು ಬಿಡಿಸಿದ್ದೇ ತಡ, ಗಾಳಿ ಅದನ್ನು ಕಿತ್ತುಕೊಂಡಿತು. ಅತ್ತೆ ಅದರ ಮೇಲೆ ಬೋರಲು ಬಿದ್ದರು. ಅರವತ್ತು ದಾಟಿದ ಹೆಂಗಸು, ಬಟ್ಟೆಯನ್ನು ಹೊಟ್ಟೆಯಡಿ ಅದುಮಿಕೊಂಡು, ತೆವಳುತ್ತ ತೆವಳುತ್ತ ಒಂದೊಂದೇ ಗೂಟ ಹೊಡೆದರು. ಕಾಲಿನ ಕಡೆಯದು ಮೊದಲು, ಗಾಳಿಗೆ ಬೆನ್ನು ಮಾಡಿ. ಗೂಟದ ಮೇಲೆ ಕಲ್ಲು. ಇದ್ದದ್ದು ಒಂದೇ ಕೋಲು, ಅದನ್ನು ತಲೆಯ ಕಡೆಗೆ ಕೊಟ್ಟರು. ಕಾಲಿನ ಕಡೆಗೆ ಏನು ಮಾಡುವುದು? ಪಕ್ಕದಲ್ಲಿ ಮೊಣಕಾಲೆತ್ತರದ ಬಂಡೆಯೊಂದಿತ್ತು. ಆ ಕಡೆಯ ಹಗ್ಗವನ್ನು ಬಂಡೆಯ ಮೇಲಿಂದ ಹಾಯಿಸಿ ಆಚೆ ಬಿಗಿದರು. ಟೆಂಟು ಕುಳ್ಳಗಾಯಿತು, ಸೊಟ್ಟಗಾಯಿತು, ಆದರೆ ನಿಂತಿತು.

ನನ್ನನ್ನು ಒಳಗೆ ಎಳೆದುಕೊಂಡು ಒದ್ದೆ ಬಟ್ಟೆಯನ್ನೆಲ್ಲ ಸುಲಿದು ಹಾಕಿದರು. ನನ್ನ ಹೊದಿಕೆ ಒದ್ದೆ, ಅವರದು ಪ್ಲಾಸ್ಟಿಕ್ಕಿನೊಳಗೆ ನೆನೆಯದೆ ಉಳಿದಿತ್ತು. ಅದನ್ನು ನನಗೆ ಸುತ್ತಿ, ತಾವೂ ಒಳಗೆ ಸೇರಿ, ಎದೆಗೆ ಅವುಚಿಕೊಂಡರು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ತಲೆ ಕೂಡ ನೇವರಿಸದವರು. ಬಾಯಿಗೆ ಸಕ್ಕರೆಯ ಉಂಡೆ ಹಾಕಿ ಚೀಪಿಸಿದರು. ಸ್ಟವ್ ಹಚ್ಚಿ ಅಂದೆನಂತೆ. "ಈ ಗೂಡಿನೊಳಗೆ ಬೆಂಕಿ ಹಚ್ಚಿದರೆ ಇಬ್ಬರೂ ಹೊಗೆಯಲ್ಲೇ ಹೋಗ್ತೀವಿ, ನೀನೇ ಹೇಳಿಕೊಟ್ಟಿದ್ದು" ಅಂದರಂತೆ.

ನಿದ್ದೆ ಎಳೆಯುತ್ತಿತ್ತು ರೀ. ಅಂಥ ಸಿಹಿ ನಿದ್ದೆ ನಾನು ಕಂಡೇ ಇಲ್ಲ. ಅತ್ತೆ ಬಿಡಲಿಲ್ಲ. ತಾವು ಓಡಿಸುತ್ತಿದ್ದ ಬಸ್ಸಿನ ನಿಲ್ದಾಣಗಳನ್ನು ನನ್ನ ಬಾಯಿಂದ ಹೇಳಿಸಿದರು. "ಆಸ್ಪತ್ರೆ ಆಯ್ತು, ಮುಂದೆ?" "ನೀರಿನ ಟ್ಯಾಂಕು." "ಆಮೇಲೆ?" "ಹೆಣ್ಣುಮಕ್ಕಳ ಹೈಸ್ಕೂಲು." "ಆಮೇಲೆ? ಏ ಹುಡುಗಿ, ಆಮೇಲೆ?" ಮೀನು ಮಾರ್ಕೆಟ್ಟು ನನಗೆ ಹೊಳೆಯಲೇ ಇಲ್ಲ. ದಿನಾ ಅಲ್ಲೇ ಇಳಿದು ಅಂಗಡಿಗೆ ಹೋಗುವವಳು ನಾನು! ಆಗ ಅವರ ದನಿ ಒಡೆಯಿತು. ಅದೊಂದೇ ಸಲ. ಕೆನ್ನೆಗೆ ತಟ್ಟಿ, "ಮೀನು ಕಣೇ, ಮೀನು, ವಾಸನೆ ನೆನಪಿಲ್ವಾ?" ಅಂತ ಅತ್ತರು.

ಅಷ್ಟರಲ್ಲಿ ಟೆಂಟಿನ ಬಟ್ಟೆ ನೆನೆದು ಹಿಗ್ಗಿ, ಜೋತು ನಮ್ಮ ಮುಖಕ್ಕೆ ಬಂತು. ಹಾಗೇ ಬಿಟ್ಟರೆ ಗಾಳಿ ಬಡಿದು ಬಡಿದು ಹರಿಯುತ್ತದೆ. ಅತ್ತೆ ಹೊರಗೆ ಹೋಗಿ ಹಗ್ಗ ಬಿಗಿದು ಬಂದರು. ಮತ್ತೆ ಜೋತಿತು, ಮತ್ತೆ ಹೋದರು. ಅವರು ಹೊರಗಿದ್ದಾಗ ನನಗೆ ಬರೀ ಗಾಳಿಯ ಸದ್ದು, ಬಟ್ಟೆಯ ಪಟಪಟ. ಒಂದು ಸಲ ಬಹಳ ಹೊತ್ತಾದರೂ ಬರಲಿಲ್ಲ. ಕೂಗಿದೆ, ದನಿ ಹೊರಡಲಿಲ್ಲ. ತೆವಳಿಕೊಂಡು ಬಾಗಿಲ ಹತ್ತಿರ ಹೋಗಿ ನೋಡಿದರೆ ಒಂದು ಗೂಟ ಕಿತ್ತುಹೋಗಿದೆ, ಅತ್ತೆ ಆ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕಲ್ಲಿಗೆ ಕಾಲು ಕೊಟ್ಟು ಕೂತಿದ್ದಾರೆ, ತಾವೇ ಗೂಟವಾಗಿ. ಆಲಿಕಲ್ಲು ತಲೆಯ ಮೇಲೆ ಬೀಳುತ್ತಿದೆ. "ಒಳಗೆ ಹೋಗೇ!" ಅಂತ ಗದರಿದರು. ಆ ಗದರಿಕೆ ಕೇಳಿ ನಾನು ಅತ್ತುಬಿಟ್ಟೆ. ಅಳು ಬಂತು, ಅಂದರೆ ಜೀವ ಬಂತು ಅಂತ ಅವರು ಆಮೇಲೆ ಹೇಳಿದರು.

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಗಾಳಿಯೂ ಇಳಿಯಿತು. ನನಗೆ ಮತ್ತೆ ನಡುಕ ಶುರುವಾಯಿತು. ಅತ್ತೆ ಅದನ್ನು ಕಂಡು, "ನಡುಗು, ಚೆನ್ನಾಗಿ ನಡುಗು" ಅಂತ ಬೆನ್ನು ಉಜ್ಜಿದರು. ಮರುದಿನ ಬೆಟ್ಟದ ದಾರಿಯ ಕಾವಲಿನವರು ಇಬ್ಬರು ಗಸ್ತಿಗೆ ಮೇಲೆ ಬಂದು ನನ್ನನ್ನು ಹೊತ್ತು ಇಲ್ಲಿಗೆ ಇಳಿಸಿದರು. ಇಲ್ಲಿಯ ಡಾಕ್ಟರಮ್ಮ ಬೆರಳೆಲ್ಲ ಉಳಿಯುತ್ತೆ, ಮೊಣಕಾಲಿಗೆ ಮಾತ್ರ ವಿಶ್ರಾಂತಿ ಬೇಕು, ಈ ಸಲದ ನಡಿಗೆ ಮುಗಿಯಿತು ಅಂದಿದ್ದಾರೆ. ಅತ್ತೆಗೆ ಮುಂಗೈ ಮೇಲೆ ಹಗ್ಗದ ಬರೆ ಬಿಟ್ಟರೆ ಏನೂ ಆಗಿಲ್ಲ. ಅವರನ್ನು ಕೂಡ ಮೇಲಿಂದ ಕೆಳಗೆ ಪರೀಕ್ಷೆ ಮಾಡಿದರು, ಎದೆ ಗಡಿಯಾರದ ಹಾಗಿದೆಯಂತೆ. ನಾಳೆ ಬೆಳಿಗ್ಗೆ ಗಾಡಿಯಲ್ಲಿ ನಾನು ಊರಿಗೆ ಹೊರಡುತ್ತೇನೆ. ನಮ್ಮ ಔಷಧದಂಗಡಿಯ ಗೆಳತಿ ಬಂದು ಕರೆದುಕೊಂಡು ಹೋಗುತ್ತಾಳೆ. ನೀವು ಗಾಬರಿಯಾಗಿ ರಜೆ ಗಿಜೆ ಕೇಳಬೇಡಿ. ಕೊಟ್ಟರೆ ಮಾತ್ರ ಬಿಡಬೇಡಿ.

ನಿಮ್ಮ ಅಮ್ಮ ಆಶೀರ್ವಾದ ಹೇಳಿದ್ದಾರೆ. ಉಪ್ಪು ಜಾಸ್ತಿಯಾದರೆ ಅಡುಗೆಯವನ ಮೇಲೆ ರೇಗಬೇಡ, ನೀರು ಕುಡಿ ಅಂದಿದ್ದಾರೆ. ಹಡಗಿನ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ದಾರಿ ಕಾಯುವ,
ನಿಮ್ಮವಳು

ಮ.ಬ.: ಟಪಾಲು ಗಾಡಿಯವನು ಕೆಳಗೆ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅತ್ತೆ ನನ್ನ ಜೊತೆ ಊರಿಗೆ ಬರುತ್ತಿಲ್ಲ. ಇವತ್ತು ಬೆಳಿಗ್ಗೆ ಮುಂದಿನ ದಾರಿಗೆ ಹೊರಟುಹೋದರು, ಒಬ್ಬರೇ. ಇಲ್ಲಿಯ ಅಂಗಡಿಯಲ್ಲಿ ಎರಡು ಕೋಲು ಕೊಂಡು, ಊಟ ಜಾಸ್ತಿ ಕಟ್ಟಿಕೊಂಡು, ಪ್ರತಿ ಊರಿನಿಂದ ನನಗೆ ಫೋನು ಮಾಡುತ್ತೇನೆ ಅಂತ ಮಾತು ಕೊಟ್ಟು. ಅಮ್ಮನನ್ನು ಒಂದು ರಾತ್ರಿಯೂ ಒಂಟಿಯಾಗಿ ಬಿಡಬೇಡ ಅಂತ ನೀವು ನನ್ನಿಂದ ಭಾಷೆ ತೆಗೆದುಕೊಂಡಿದ್ದಿರಿ, ನನಗೆ ಗೊತ್ತು. ತಡೆಯಬಹುದಿತ್ತು. ಟೆಂಟು ನನ್ನ ಮಂಚದ ಕೆಳಗಿತ್ತು, ಇಲ್ಲ ಅಂದಿದ್ದರೆ ಅವರು ಹೋಗುವಂತಿರಲಿಲ್ಲ. ನಿನ್ನೆ ಮಂಚದ ಪಕ್ಕ ಕೂತು, "ನಿಂದಲ್ವಾ, ಕೇಳಿ ತಗೋಬೇಕು. ಕೊಡ್ತೀಯಾ?" ಅಂದರು. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವರನ್ನು ಬೇಡ. ಕೊಟ್ಟವಳು ನಾನು.