ನಕಾಶೆಯ ನಾಲ್ಕು ಬಾವಿಗಳು

ಹುಕ್ಕೇರಿ
ಶನಿವಾರ, 17 ಏಪ್ರಿಲ್ 1999

ಪೂಜ್ಯ ಭರತೇಶ ಕಾಕಾ ಅವರಿಗೆ, ಮಹಾ ಮರುಭೂಮಿತಜ್ಞ ಭೀಮಶಿಯ ಸಾಷ್ಟಾಂಗ ನಮಸ್ಕಾರ.

ಈ ಬಿರುದು ನಿಮ್ಮ ಮಗ ಸಮ್ಮೇದನೇ ಕೊಟ್ಟದ್ದು. ಜೈಸಲ್ಮೇರದ ಮರುಭೂಮಿ ಉದ್ಯಾನದಲ್ಲಿ ಒಬ್ಬನೇ ನಾಲ್ಕು ದಿನ ನಡೆಯಬೇಕೆಂದು ಅವನು ವರ್ಷವಿಡೀ ಯೋಜನೆ ಹಾಕಿದ. “ಕುರಿ ಕಾಯೋರ ಮನ್ಯಾಗ ಹುಟ್ಟೀದಿ, ನೀರಿನ ಜಾಗಾ ನಿಮಗ ಗೊತ್ತಿರತಾವು, ಹೇಳಲೇ” ಎಂದು ನನ್ನ ಬೆನ್ನು ಹತ್ತಿದ. ನಾನು ಗೋಕಾಕ ದಾಟಿದವನಲ್ಲ. ಆದರೂ ಕುರಿ ವ್ಯಾಪಾರಕ್ಕೆ ರಾಜಸ್ಥಾನ ಸುತ್ತಿ ಬಂದ ನಮ್ಮ ಸತ್ತೆಪ್ಪ ಮಾವನನ್ನು ಕೇಳಿ ತಿಳಿದೆನೆಂದು ಬಹಳ ಗಂಭೀರವಾಗಿ ಸುಳ್ಳು ಹೇಳಿ, ನಕಾಶೆಯ ಖಾಲಿ ಜಾಗದಲ್ಲಿ ನಾಲ್ಕು ಬಾವಿ ಗುರುತು ಮಾಡಿಕೊಟ್ಟೆ. ಬುಧವಾರ ಅವನು ಹೊರಡುವಾಗ, ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರೆಲ್ಲರ ಮುಂದೆ ಗುಟ್ಟು ಒಡೆದು ನಗುವುದಿತ್ತು.

ತಿಕೀಟು ಮೊದಲೇ ಸಿಕ್ಕಿ ಅವನು ಸೋಮವಾರವೇ ಹೋಗಿಬಿಟ್ಟ. ನನಗೊಂದು ಚೀಟಿ ಇಟ್ಟಿದ್ದ: “ಭೀಮ್ಯಾ, ನಿನ್ನ ಬಾವಿ ನಂಬಿ ಬರೇ ಎರಡ ಬಾಟ್ಲಿ ನೀರ ಒಯ್ಯಾಕತ್ತೇನಿ. ಬೆನ್ನಮ್ಯಾಗಿನ ಹೊರಿ ಹಗರಾತು. ಭಾಳ ಉಪಕಾರ ಆತಪಾ.”

ಚೀಟಿ ಸಿಕ್ಕದ್ದು ಬುಧವಾರ. ಮೂರು ದಿನ ನಿಮ್ಮ ಮನೆಯ ಮುಂದೆ ಹಾಯ್ದು ಹೋದೆ, ಬಾಗಿಲು ಬಡಿಯಲಿಲ್ಲ. ಇವತ್ತು ಜೈಸಲ್ಮೇರದ ಅರಣ್ಯ ಕಚೇರಿಗೆ ಫೋನ್ ಮಾಡಿದೆ. ನಿನ್ನೆ ಒಳಗೆ ಹೋದನೆಂದರು. ಅವರು ನನ್ನ ಹೆಸರೇನೆಂದು ಕೇಳಿದ ಕೂಡಲೇ ಫೋನ್ ಇಟ್ಟುಬಿಟ್ಟೆ. ನಂಬರು ಈ ಪತ್ರದ ಹಿಂದೆ ಬರೆದಿದ್ದೇನೆ, ಜೊತೆಗೆ ನಕಾಶೆಯ ಪ್ರತಿಯೂ ಇದೆ. ತಾವೇ ಮಾತಾಡಿರಿ.

ಮೊದಲು ನಾಲ್ಕನೆಯ ಬಾವಿಯ ಕಡೆ ಹುಡುಕಲು ಹೇಳಿರಿ. ಉಳಿದವು ಸಿಗದಿದ್ದರೂ ಅವನು ಅಲ್ಲಿಗೇ ಹೋಗುತ್ತಾನೆ. ನಂಬಿಕೆ ಬರಲೆಂದು ಅದರ ಬಾಜೂ ‘ನೀರು ಭಾಳ ಸಿಹಿ’ ಎಂದು ಬರೆದಿದ್ದೆ.

ಈ ಪತ್ರವನ್ನು ಬಾಗಿಲ ಸಂದಿಯಿಂದ ಹಾಕಿ ಹೋಗುವ,
ಭೀಮಶಿ