ಉಸುಕಿನಲ್ಲಿ ಬರೆದ ಅಕ್ಷರ

ಮಳಖೇಡ, ಫಸಲಿ ೧೩೫೩ (ಇಸವಿ ೧೯೪೩-೪೪)

ಗುರುಲಿಂಗಯ್ಯ ಮಾಸ್ತರರೇ,

ನೀವು ಲಿಂಗೈಕ್ಯರಾಗಿ ಎಂಟು ತಿಂಗಳಾಯಿತು. ಆದರೂ ಇವತ್ತು ಶಾಲೆಯಲ್ಲಿ ನಡೆದದ್ದನ್ನು ನಿಮಗೇ ಹೇಳಬೇಕು.

ಒಂದನೇ ಇಯತ್ತೆಯ ಸೂಗಮ್ಮನಿಗೆ ಬಳಪ ಹಿಡಿಯಲು ಬರುತ್ತಿರಲಿಲ್ಲ. ಕುರ್ಚಿಯಿಂದ ಇಳಿದು ಅವಳ ಪಕ್ಕ ಕುಳಿತೆ. ನೆಲದ ಮೇಲೆ ಉಸುಕು ಹರವಿ, ಅವಳ ಬೆರಳು ಹಿಡಿದು ‘ಅ’ ತಿದ್ದಿಸಿದೆ, ಚಿಕ್ಕಂದಿನಲ್ಲಿ ನೀವು ನನಗೆ ತಿದ್ದಿಸಿದ ಹಾಗೆಯೇ. ಮೂರನೇ ಸಲಕ್ಕೆ ತಾನೇ ಬರೆದಳು.

ಮಾಸ್ತರರ ಟ್ರೇನಿಂಗ್ ಪರೀಕ್ಷೆಯಲ್ಲಿ ನೀವು ಮಾಡಿದ್ದೂ ಇದನ್ನೇ. ಕರಿಹಲಗೆ ಬಿಟ್ಟು ಮಕ್ಕಳ ನಡುವೆ ನೆಲಕ್ಕೆ ಕುಳಿತಿರಿ. ಪರೀಕ್ಷಕರು ನಕ್ಕು ನಪಾಸು ಮಾಡಿದರು. “ಈ ವಯಸ್ಸಿನ್ಯಾಗ ನನಗ್ಯಾಕೋ ತಮ್ಮಾ ಸರ್ಟಿಫಿಕೇಟು?” ಎಂದು ನೀವು ಮೊದಲೇ ಹೇಳಿದ್ದಿರಿ. “ಬರ್ರಿ ಗುರುಗಳ, ಇಬ್ಬರೂ ಪಾಸಾಗೋಣ” ಎಂದು ಬೆನ್ನು ಹತ್ತಿ ಕರೆದೊಯ್ದವನು ನಾನು. ನಪಾಸಾದಿರೆಂದು ನಿಮ್ಮನ್ನು ಕೆಲಸದಿಂದ ತೆಗೆದರು. ನಿಮ್ಮ ಆ ಕುರ್ಚಿಯಲ್ಲಿ, ಪಾಸಾದ ನನ್ನನ್ನು ಕೂರಿಸಿದರು.

ಇವತ್ತು ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು.

“ಶಾಬಾಸ್! ಹಿಂಗ ಕಲಿಸೋದು ಎಲ್ಲಿ ಕಲ್ತ್ರಿ?” ಎಂದು ಕೇಳಿದರು.

“ಟ್ರೇನಿಂಗ್‌ನಾಗ ಕಲ್ತೀನ್ರಿ, ಸಾಹೇಬ್ರ” ಎಂದೆ.

ಅವರು ಅದನ್ನೇ ತಪಾಸಣೆ ಪುಸ್ತಕದಲ್ಲಿ ಬರೆದರು. ಉಸುಕು ಹತ್ತಿದ ಕೈಯಿಂದಲೇ ನಾನು ಕೆಳಗೆ ಸಹಿ ಹಾಕಿದೆ.